ಕೇಳ್ರಿ, ಹೇಳ್ತೀನಿ: ಮಳೆಕಾಡಿನ ಟೆಂಟು, ಆನಿ ಮತ್ತ ನಾವು

ಹೋದ ಸಂಚಿಕೆಯಾಗ ನಾನು ಥಾಯ್ಲೆಂಡಿನ ದಕ್ಷಿಣಕ್ಕಿರೋ ಖಾವ್ ಸೋಕ್ ಮಳೆಕಾಡಿನಾಗ ಮೂರು ರಾತ್ರಿ ಟೆಂಟಿನಾಗ ಉಳದದ್ದು, ಅಲ್ಲಿ ಆನಿ ಸವಾರಿ ಇಲ್ಲದ, ಆಟ ಆಡ್ಸೂದಿಲ್ಲದ ಕ್ಯಾಂಪಿನಾಗ ಅರ್ಧ ದಿವಸ ಕಳದದ್ದು ಬರದಿದ್ದೆ. ಅದಕ್ಕ ಬಂದ ಪತ್ರ, ವಾಟ್ಸಾಪ್ ಮೆಸೇಜು ಇಷ್ಟು ಆಗ್ಯಾವಂದ್ರ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟೀನಿ. ಕೆಲವರು ಬೈದಾರ, ಅವೂ ಇಲ್ಲೇ ಅದಾವ, ಯಾಕಂದ್ರ ಬೈದವ್ರ ಮಾತಿನಾಗೂ ಖರೆ ಐತಿ.

ನಮ್ಮ ಮಗಾ ಬೆಂಗಳೂರಾಗ ಇದ್ದಾನ್ರೀ, ಡಿಸೆಂಬರದಾಗ ನಮ್ಮಿಬ್ಬರಿಗೂ ಖಾವ್ ಸೋಕ್ ಕ್ಯಾಂಪ್ ಬುಕ್ ಮಾಡ್ತೀನಿ ಅಂತ ಗಂಟು ಬಿದ್ದಾನ. ನಮಗ 60 ದಾಟ್ಯದ. ಟೆಂಟಿನಾಗ ಮಲಗೂದಂದ್ರ ಹಾವು ಚೇಳಿಂದು ಹೆದರಿಕಿ. ಅದಕ್ಕಿಂತ ದೊಡ್ಡ ಚಿಂತಿ ಊಟದ್ದು, ನಾವು ಉಳ್ಳಾಗಡ್ಡಿ ಬಳ್ಳೊಳ್ಳಿ ಸುದ್ದಾ ತಿನ್ನಂಗಿಲ್ಲ.
— ನಿವೃತ್ತ ಶಿಕ್ಷಕರು, ವಿಜಯಪುರ

ಸರ, ಡಿಸೆಂಬರ್ ಅಂದ್ರ ಮಗಾ ಸರಿಯಾದ ಟೈಮ್ ನೋಡ್ಯಾನ, ಡಿಸೆಂಬರ್‌ದಿಂದ ಏಪ್ರಿಲ್ ತನಕ ಅಲ್ಲಿ ಮಳಿ ಕಮ್ಮಿ. ಕಮ್ಮಿ ಅಂದ್ರೂ ನಮ್ಮ ಲೆಕ್ಕದಾಗ ಕಮ್ಮಿ ಅಲ್ಲ ಮತ್ತ, ವಿಜಯಪುರಕ್ಕ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಬಿದ್ರ ಅಲ್ಲಿ 3500ರ ಹತ್ರ ಹತ್ರ ಬೀಳ್ತೈತಿ, ಹಿಂಗಾಗಿ ಒಗದ ಅರಬಿ ಎರಡು ದಿನಾ ಆದ್ರೂ ಒಣಗಂಗಿಲ್ಲ, ದಪ್ಪನ್ನ ಕಾಟನ್ ಬಿಟ್ಟು ತೆಳ್ಳಗಿನ ಅರಬಿ ಎರಡು ಜೋಡಿ ಹೆಚ್ಚಿಗಿ ಒಯ್ರಿ.

ಟೆಂಟು ಅಂದ್ರ ನೀವು ಅನ್ಕೊಂಡಂಗ ನೆಲದ ಮ್ಯಾಲೆ ಚಾಪಿ ಹಾಸಿ ಮಲಗೂದಲ್ಲ. ಕಟಿಗಿ ಅಟ್ಟದ ಮ್ಯಾಲೆ ದಪ್ಪ ಕ್ಯಾನ್ವಾಸಿನ ಟೆಂಟು, ಒಳಗ ಮಂಚ, ಹಿಂದ ಸಂಡಾಸು ಬಚ್ಚಲ, ಗಾಳಿಗೆ ಫ್ಯಾನು. ಜಿಪ್ ಹಾಕೂದು ಮರೀಬ್ಯಾಡ್ರಿ, ಬೆಳಿಗ್ಗೆ ಬೂಟು ಝಾಡಿಸಿ ಹಾಕ್ಕೋರಿ, ಇಷ್ಟು ಮಾಡಿದ್ರ ಹೊಲದಾಗ ಮಲಗಿದಕ್ಕಿಂತ ಭಯ ಕಮ್ಮಿ. ಕಾಡಿನಾಗ ನಡ್ಯಾಕ ಹೋದಾಗ ಜಿಗಳಿ ಹತ್ತತಾವ, ಅದಕ್ಕ ಮೊಣಕಾಲ ತನಕ ಬರೋ ಒತ್ತ ನೇಯ್ಗಿ ಸಾಕ್ಸ್ ಸಿಗತಾವ, ಅವನ್ನ ಹಾಕ್ಕೋರಿ. ಮೊಣಕಾಲ ನೋವು ಇದ್ರ ಒಂದು ಮಾತು ಮೊದಲ ಕೇಳಿ ತಿಳ್ಕೋರಿ, ಅಲ್ಲಿ ಕೆರಿ ನೀರಿನ ಮ್ಯಾಲೆ ತೇಲೋ ಟೆಂಟೂ ಅದಾವ, ಅವಕ್ಕ ಹೋಗೂದು ಉದ್ದನ್ನ ದೋಣಿಯಾಗ, ಹತ್ತೂದು ಇಳಿಯೂದು ಕಷ್ಟ ಆಗತೈತಿ, ಕೈ ಹಿಡಿಯೋರು ಇರ್ತಾರ ಆದ್ರೂ ನಿಮಗ ಗೊತ್ತಿರ್ಲಿ.

ಇನ್ನ ಊಟ. ಇದರಾಗ ನೀವು ಪುಣ್ಯವಂತರು, ಯಾಕಂದ್ರ ಥಾಯ್ ಮಂದಿಗೆ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಊಟ ಹೊಸಾದಲ್ಲ. ಅಲ್ಲಿ 'ಜೇ' ಅಂತ ಒಂದು ಪದ್ಧತಿ ಐತಿ, ಚೀನಾ ಮೂಲದ ಬೌದ್ಧರದ್ದು, ಅದರಾಗ ಮಾಂಸ ಮೀನು ತತ್ತಿ ಹಾಲು ಯಾವುದೂ ಇಲ್ಲ, ಜೋಡಿಗೆ ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇಲ್ಲ. ಹಳದಿ ಪತಾಕಿ ಮ್ಯಾಲೆ ಕೆಂಪು ಅಕ್ಷರದಾಗ ಬರದಿರ್ತಾರ, ನೋಡಾಕ ನಮ್ಮ 17 ಅಂಕಿ ಇಂಗ್ಲಿಷಿನಾಗ ಬರದಂಗ ಕಾಣತೈತಿ. ಬರೇ 'ವೆಜ್' ಅಂದ್ರ ಸಾಲಂಗಿಲ್ಲ, ಪಲ್ಯಾ ವೆಜ್ಜೇ ಇರ್ತೈತಿ ಆದ್ರ ಅದಕ್ಕ ನಾಮ್ ಪ್ಲಾ ಅನ್ನೋ ಮೀನಿನ ಸಾಸ್ ಹಾಕಿರ್ತಾರ, ಚಟ್ನಿಗೆ ಒಣಾ ಸೀಗಡಿ ಅರದಿರ್ತಾರ, ಅವರಿಗೆ ಅದು ನಮ್ಮ ಉಪ್ಪು ಇದ್ದಂಗ. ಹಿಂಗಾಗಿ ಬುಕಿಂಗ್ ಮಾಡೂವಾಗನ 'ಜೇ' ಅಂತ ಬರಸ್ರಿ, ಮುಟ್ಟಿದ ಮ್ಯಾಲೆ ಅಡಗಿ ಮನಿಯವ್ರಿಗೆ ಇನ್ನೊಮ್ಮೆ ಹೇಳ್ರಿ. ಆಲೂಗಡ್ಡಿ ಗಜ್ಜರಿ ಅದರಾಗ ನಡೀತಾವ, ನೆಲದೊಳಗಿಂದು ಬ್ಯಾಡಂದ್ರ ಅದನ್ನ ಬ್ಯಾರೆ ಹೇಳ್ಬೇಕು. ಶೇಂಗಾ ಚಟ್ನಿ, ಕಟಕ್ ರೊಟ್ಟಿ ಒಯ್ಯೂದಂತೂ ನಾ ಹೇಳೂದ ಬ್ಯಾಡ, ಅಕ್ಕಾರು ಈಗಾಗ್ಲೇ ಲೆಕ್ಕ ಹಾಕಿರ್ತಾರ.

ನೀವು ಬರದ ಆ ಕೆರಿ, ಸುತ್ತ ಸುಣ್ಣದ ಕಲ್ಲಿನ ಗುಡ್ಡ, ನೀರಾಗ ತೇಲೋ ಟೆಂಟು, ಓದಿ ಸ್ವರ್ಗ ಅನಿಸ್ತು. ಇದು ಹುಟ್ಟಾ ಕೆರಿನೋ ಏನು ಕಟ್ಟಿದ್ದೋ?
— ನವನಗರ, ಬಾಗಲಕೋಟೆ

ಈ ಪ್ರಶ್ನೆ ಬಾಗಲಕೋಟಿಂದನ ಬಂತು ನೋಡ್ರಿ. ಅದು ಮುಳುಗಡಿ ಅಣ್ಣಾರ. ಚೆವ್ ಲಾನ್ ಕೆರಿ ಅಂತಾರ, 165 ಚದರ ಕಿಲೋಮೀಟರ್, ರಾಚ್ಚಪ್ರಪಾ ಅನ್ನೋ ಡ್ಯಾಮ್ ಕಟ್ಟಿ 1980ರ ದಶಕದಾಗ ನೀರು ನಿಲ್ಸಿದ್ದು. ಕೆಳಗ ಊರು ಅದಾವ, ಹೊಲ ಅದಾವ, ಕಾಡು ಐತಿ. ನಾನು ಹಳೇ ಬಾಗಲಕೋಟಿಯಾಗ ಹುಟ್ಟಿ ಬೆಳದಾವಾ, ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಹೋಗಿದ್ದು ಕಣ್ಣಿಂದ ನೋಡೀನಿ, ಹಂಗಾಗಿ ಮೊದಲನೇ ದಿನಾ ಬೆಳಿಗ್ಗೆ ಎದ್ದು ಟೆಂಟಿನ ಕಟ್ಟಿಗೆ ಕುಂತಾಗ ನೀರಾಗಿಂದ ಒಣಗಿದ ಗಿಡದ ತುದಿ ಎದ್ದದ್ದು ಕಂಡು ಮೈ ಝುಮ್ ಅಂತು. ಜೋಡಿ ಬಂದವ್ರು ಫೋಟೋ ತಕ್ಕೋತಿದ್ರು. ನನಗ ಒಂದು ತಾಸು ಮಾತ ಬರಲಿಲ್ಲ.

ಅಲ್ಲಿ ನೀರು ಏರಿದಾಗ ಪ್ರಾಣಿಗೋಳು ಗುಡ್ಡದ ತುದಿಗೆ ಓಡಿದ್ವು, ಗುಡ್ಡ ನಡುಗಡ್ಡಿ ಆದ್ವು, ತಿನ್ನಾಕಿಲ್ಲ, ಹೋಗಾಕ ದಾರಿ ಇಲ್ಲ. ಅವನ್ನ ದೋಣಿಯಾಗ ಹೋಗಿ ಹಿಡದು ತಂದು ಉಳ್ಸೋ ಕೆಲಸಕ್ಕ ಮುಂದ ನಿಂತವ್ರು ಸೂಬ್ ನಾಕಾಸಾಥಿಯನ್ ಅನ್ನೋ ಅರಣ್ಯ ಅಧಿಕಾರಿ. ಸಾವಿರಕ್ಕಿಂತ ಹೆಚ್ಚು ಪ್ರಾಣಿ ಉಳ್ಸಿದ್ರು, ಆದ್ರ ಸತ್ತಾವು ಅದಕ್ಕಿಂತ ಎಷ್ಟೋ ಪಟ್ಟು, ಬಿಟ್ಟ ಮ್ಯಾಲೂ ಭಾಳ ಉಳೀಲಿಲ್ಲ. ಆ ನೋವಿನಿಂದ ಅವರು ಮುಂದ ಕಾಡಿನಾಗ ಡ್ಯಾಮ್ ಕಟ್ಟೂದರ ವಿರುದ್ಧ ನಿಂತ್ರು, 1990ರಾಗ ತಮ್ಮ ಜೀವಾನ ಕಳಕೊಂಡ್ರು, ಇವತ್ತಿಗೂ ಆ ದೇಶದಾಗ ಕಾಡು ಅಂದ್ರ ಅವರ ಹೆಸರು ಬರತೈತಿ. ನೀವು ಹೋದ್ರ ದೋಣಿಯವನಿಗೆ ಈ ಹೆಸರು ಹೇಳಿ ನೋಡ್ರಿ, ಅವಾ ನಿಮ್ಮನ್ನ ಬ್ಯಾರೆ ರೀತಿ ನೋಡ್ತಾನ.

ಇಕೋ ಕ್ಯಾಂಪ್ ಅನ್ನಾವ್ರಿಗೆ ಕೆರಿ ವಿಷಯದಾಗ ನೀವು ಕೇಳಬೇಕಾದ್ದು ಒಂದೇ, ತೇಲು ಟೆಂಟಿನ ಸಂಡಾಸಿನ ನೀರು ಎಲ್ಲಿ ಹೋಗತೈತಿ. ಟಾಕಿಯಾಗ ಹಿಡದು ದಂಡಿಗೆ ಒಯ್ತೀವಿ ಅಂತ ಹೇಳಿ ತೋರ್ಸಿದ್ರ ಚಲೋ. ಸೋಲಾರ್ ತೋರಸ್ತಾರ, ಬಿದಿರಿನ ಸ್ಟ್ರಾ ತೋರಸ್ತಾರ, ಅದು ಇರ್ಲಿ, ಮೊದಲ ಹೊಲಸು ನೀರಿಂದು ಹೇಳ್ಲಿ.

ಇಂಟರ್ನೆಟ್ಟಿನಾಗ ಆನಿ ಕ್ಯಾಂಪಿನವ್ರು ಎಲ್ಲಾರೂ 'ಎಥಿಕಲ್' (ಆನಿಗೆ ತ್ರಾಸ ಕೊಡಂಗಿಲ್ಲ), 'ಸ್ಯಾಂಕ್ಚುರಿ' ಅಂತ ಬರದಾರ. ಖರೆ ಯಾವುದು ಸುಳ್ಳ ಯಾವುದು ಹೆಂಗ ಗುರ್ತ ಹಿಡಿಯೂದು? ಆನಿಗೆ ಸ್ನಾನ ಮಾಡ್ಸೂದರಾಗ ತಪ್ಪೇನೈತಿ?
— ಟಿಳಕವಾಡಿ, ಬೆಳಗಾವಿ

ತಮ್ಮಾ, ಹೆಸರಿನ ಮ್ಯಾಲೆ ಹೋಗಬ್ಯಾಡ, ಹೆಸರು ಯಾರು ಬೇಕಾದ್ರೂ ಇಟ್ಕೋಬಹುದು. ನಾ ನೋಡೂದು ಒಂದೇ: ಆನಿಗೆ ನಿನ್ನ ಕಡಿಂದ ತಿರುಗಿ ಹೋಗಾಕ ಬರತೈತೋ ಇಲ್ಲೋ.

ನಮ್ಮ ಕ್ಯಾಂಪಿನಾಗ ಒಂದು ಮುದಿ ಹೆಣ್ಣಾನಿ ಇತ್ತು. ನಾವು ಹನ್ನೆರಡು ಮಂದಿ ಬಾಳಿದಿಂಡು, ಕಬ್ಬು ಹೆಚ್ಚಿ ಬುಟ್ಟಿ ತುಂಬಿಕೊಂಡು ನಿಂತಿದ್ವಿ. ಮುದಿ ಆನಿಗೆ ಹಲ್ಲು ಸವದಿರ್ತಾವ, ಆನಿಗೆ ಜೀವಮಾನದಾಗ ದವಡಿ ಹಲ್ಲು ಆರು ಸಲ ಮಾತ್ರ ಬರೂದು, ಕೊನೇವು ಹೋದ್ವು ಅಂದ್ರ ಅಗ್ಯಾಕ ಬರಂಗಿಲ್ಲ, ಅದಕ್ಕ ಹುಣಸಿಹಣ್ಣು ಉಪ್ಪು ಅನ್ನ ಕೂಡ್ಸಿ ಉಂಡಿ ಕಟ್ಟಿಸಿದ್ರು, ನಮ್ಮ ಚಿಗಳಿ ಕಟ್ಟಿದಂಗ, ಮುಷ್ಟಿ ಗಾತ್ರದ್ದು. ಮಾವುತ ಕರದಾ. ಆನಿ ಬರಲಿಲ್ಲ. ದೂರ ನಿಂತು ಕೆಂಪು ಮಣ್ಣು ಸೊಂಡಿಲಿನಾಗ ತುಂಬಿ ಬೆನ್ನ ಮ್ಯಾಲೆ ಉಗ್ಗಿಕೋಂತ ನಿಂತು ಬಿಡ್ತು. ಮಾವುತ ಇನ್ನೊಮ್ಮೆ ಕರೀಲಿಲ್ಲ, ಅಂಕುಶ ತೋರಿಸಲಿಲ್ಲ, ಗೈಡು ನಮಗ ಹೇಳಿದ್ಲು, ಇವತ್ತ ಆಕಿಗೆ ಮನಸ್ಸಿಲ್ಲ, ನಾವ ಕಾಯೂನು ಅಂತ. ನಲವತ್ತು ನಿಮಿಷ ಕಾದ್ವಿ. ಒಬ್ಬಿಬ್ಬರು ರೊಕ್ಕಾ ಕೊಟ್ಟೀವಿ ಅಂತ ಗೊಣಗಿದ್ರು. ಅಲ್ಲೇ ನನಗ ಈ ಕ್ಯಾಂಪು ಖರೇದು ಅನಿಸ್ತು, ಯಾಕಂದ್ರ ರೊಕ್ಕಾ ಕೊಟ್ಟವ್ರ ಮಾತಿಗಿಂತ ಆನಿ ಮನಸ್ಸು ಅಲ್ಲಿ ದೊಡ್ಡದಿತ್ತು.

ಸವಾರಿ ಯಾಕ ಬ್ಯಾಡ ಅಂದ್ರ, ಆನಿ ಅಷ್ಟು ದೊಡ್ಡದು ಇಬ್ಬರು ಕುಂತ್ರೇನಾತು ಅಂತೀವಿ, ಆದ್ರ ಆನಿ ಬೆನ್ನು ಕುದುರಿ ಬೆನ್ನಲ್ಲ, ಬೆನ್ನೆಲುಬಿನಿಂದ ಮ್ಯಾಲಕ್ಕ ಚೂಪ ಎಲುಬು ಎದ್ದಿರ್ತಾವ, ಅವುಗಳ ಮ್ಯಾಲೆ ತೊಗಲಷ್ಟೇ, ಅಲ್ಲಿ ಕಬ್ಬಿಣದ ಕುರ್ಚಿ ಬಿಗದು ದಿನಾ ಹತ್ತು ಟ್ರಿಪ್ ಮಾಡ್ಸಿದ್ರ ಗಾಯ ಆಗ್ಲಾರದ ಇರತೈತೇನು? ಅದಕ್ಕಿಂತ ಹಿಂದಿಂದು ಇನ್ನೂ ಕೆಟ್ಟದ್ದು. ಮಂದಿ ಮಾತು ಕೇಳೋ ಹಂಗ ಆನಿ ಹುಟ್ಟಂಗಿಲ್ಲ, ಮರಿ ಇದ್ದಾಗ ತಾಯಿ ಕಡಿಂದ ಬಿಡಿಸಿ, ಇಕ್ಕಟ್ಟಿನ ಕಟಿಗಿ ಚೌಕಟ್ಟಿನಾಗ ಕಟ್ಟಿ ಹಾಕಿ, ಹೊಡದು ಉಪವಾಸ ಹಾಕಿ ಅದರ ಮನಸ್ಸು ಮುರೀತಾರ. ಥಾಯ್ ಭಾಷೆಯಾಗ ಅದಕ್ಕ 'ಫಾಜಾನ್' ಅಂತಾರ. ಸವಾರಿ ಬಿಟ್ಟ ಕ್ಯಾಂಪಿನಾಗಿರೋ ಆನಿಗೋಳೂ ಹಿಂದ ಇದನ್ನ ಉಂಡು ಬಂದಾವ, ಅದನ್ನ ಯಾರೂ ಮುಚ್ಚಿಡಬಾರದು.

ಅವನ್ನ ಕಾಡಿಗೆ ಬಿಡಬಹುದಲ್ಲ ಅಂತ ಮೂರು ಮಂದಿ ಕೇಳ್ಯಾರ, ಅದಕ್ಕೂ ಇಲ್ಲೇ ಹೇಳ್ತೀನಿ. ಈ ಆನಿಗೋಳು ಮೊದಲ ಕಟಿಗಿ ಎಳೀತಿದ್ವು. 1988ರ ನವೆಂಬರದಾಗ ದಕ್ಷಿಣ ಥಾಯ್ಲೆಂಡಿನಾಗ ಮಹಾಪೂರ ಬಂತು, ಗಿಡ ಕಡದ ಗುಡ್ಡ ಕುಸದು ಕಡದಿಟ್ಟ ದಿಮ್ಮಿ ಊರ ಮ್ಯಾಲೆ ಹರದು ನೂರಾರು ಮಂದಿ ಸತ್ತರು, 1989ರ ಜನವರಿಯಾಗ ಸರ್ಕಾರ ಕಾಡು ಕಡಿಯೂದನ್ನ ಬಂದ್ ಮಾಡ್ತು. ಚಲೋನ ಆತು, ಆದ್ರ ಆನಿಗೂ ಮಾವುತಗೂ ಒಮ್ಮಿಲೇ ಕೆಲಸ ಹೋತು. ಬ್ಯಾಂಕಾಕಿನ ರಸ್ತೆಯಾಗ ರಾತ್ರಿ ಆನಿ ನಿಂದರ್ಸಿ ಬಾಳಿಹಣ್ಣು ಮಾರಿ ಹೊಟ್ಟಿ ತುಂಬ್ಕೊಂಡ್ರು, ಆಮ್ಯಾಲೆ ಪ್ರವಾಸಿಗರ ಸವಾರಿ. ಕಾಡು ಕಮ್ಮಿ ಆಗೇತಿ, ಆನಿಗೆ ಮಂದಿ ಹೆದರಿಕಿ ಹೋಗೇತಿ, ಬಿಟ್ರ ಸೀದಾ ಹೊಲಕ್ಕ ಬರತೈತಿ. ಜೋಡಿಗೆ ಅಲ್ಲಿಯ ಕಾಯ್ದಿಯಾಗ ಸಾಕಿದ ಆನಿ ಅಂದ್ರ ಎತ್ತು ಎಮ್ಮಿ ಇದ್ದಂಗ, 1939ರ ಕಾಯ್ದಿ ಅದು, ಆನಿ ಮಾಲಕನ ಸೊತ್ತು. ಮಾಲಕನ ಹೊಟ್ಟಿ ಸವಾರಿ ಇಲ್ಲದ ತುಂಬಬೇಕು, ಮಾವುತಗ ಪಗಾರ ಬರಬೇಕು, ಅಂದಾಗ ಆನಿ ಆರಾಮ ಇರತೈತಿ. ಹಿಂಗಾಗಿ ಚಲೋ ಕ್ಯಾಂಪಿಗೆ ನೀನು ಕೊಡೋ ರೊಕ್ಕಾ ವ್ಯರ್ಥ ಅಲ್ಲ, ದಿನಕ್ಕ 150 ಕಿಲೋ ತಿನ್ನೋ ಪ್ರಾಣಿ ಅದು.

ಸ್ನಾನದ್ದು ಕೇಳಿದಿ. ಆನಿ ತಾನ ನೀರಿಗೆ ಇಳದು ಹೊಳ್ಳಾಡೂದು ನೋಡೂದು ಬ್ಯಾರೆ. ಬ್ಯಾಚ್ ಬ್ಯಾಚ್ ಮಂದಿ ಬಂದು ಬ್ರಶ್ ಹಿಡದು ತಿಕ್ಕೂದು ಬ್ಯಾರೆ, ದಿನಕ್ಕ ನಾಕೈದು ಸಲ ಬ್ಯಾಡಂದ್ರೂ ನೀರಾಗ ಮಲಗಬೇಕು, ಅದಕ್ಕ ಹಿಂದ ಅಂಕುಶದ ಹೆದರಿಕಿ ಇದ್ದ ಇರತೈತಿ. ನಮ್ಮ ಜೀವಕ್ಕೂ ಚಲೋ ಅಲ್ಲ, 2025ರ ಜನವರಿಯಾಗ ಥಾಯ್ಲೆಂಡಿನ ಒಂದು ದ್ವೀಪದಾಗ ಆನಿಗೆ ಸ್ನಾನ ಮಾಡಿಸಾಕ ಹೋದ ಸ್ಪೇನಿನ 22 ವರ್ಷದ ಹುಡುಗಿ ಆನಿ ತಿವದು ತೀರಿಕೊಂಡ್ಲು. ಬುಕ್ ಮಾಡೂದಕ್ಕ ಮೊದಲ ಇಷ್ಟು ಕೇಳು: ನಾವು ಬಂದಾಗ ಆನಿ ಮೇಯೂದು ಬಿಟ್ಟು ಎಷ್ಟೊತ್ತು ನಮ್ಮ ಮುಂದ ನಿಂದರಬೇಕು, ರಾತ್ರಿ ಎಲ್ಲಿ ಇರತೈತಿ ಸರಪಳಿ ಎಷ್ಟು ಉದ್ದ, ಮರಿಗೋಳು ಎಲ್ಲಿಂದ ಬಂದ್ವು. ಮರಿಯಾನಿ ಫೋಟೋ ಹಾಕಿ ಮಂದಿ ಕರಿಯೋ ಜಾಗಾಕ್ಕ ನಾನಂತೂ ಹೋಗಂಗಿಲ್ಲ. ಹೊಟ್ಯಾಗ 20-22 ತಿಂಗಳ ಇಟ್ಕೊಂಡು ಹಡದ ಮರಿ ಅದು, ತಾಯಿ ಬಗಲಾಗ ಇರ್ಲಿ.

ನೀವು ಸಿಟಿ ಮಂದಿ ಆನಿ ಪ್ರೀತಿ ಬಗ್ಗೆ ಪುಟಗಟ್ಲೆ ಬರೀತೀರಿ. ಭತ್ತಾ ತೆನಿ ಬಿಟ್ಟಾಗ ದಾಂಡೇಲಿ ಕಡಿಂದ ಆನಿ ಬಂದು ಒಂದ ರಾತ್ರಿಯಾಗ ನಮ್ಮ ವರ್ಷದ ದುಡಿಮಿ ತುಳದು ಹೋಗ್ತಾವ. ನಮ್ಮ ಬಗ್ಗೆ ಯಾರು ಬರೀತಾರ?
— ರೈತರು, ಖಾನಾಪುರ ತಾಲೂಕು

ಕಾಕಾ, ನಿಮ್ಮ ಸಿಟ್ಟು ಬರೋಬ್ಬರಿ ಐತಿ. ಹೋದ ಸಂಚಿಕೆಯಾಗ ನಾನು ಒಂದು ಸಾಲೂ ನಿಮ್ಮ ಬಗ್ಗೆ ಬರೀಲಿಲ್ಲ, ಅದು ನನ್ನ ತಪ್ಪು. 2023ರ ಎಣಿಕಿಯಾಗ ಕರ್ನಾಟಕದಾಗ 6,395 ಆನಿ ಅದಾವ ಅಂತ ಅಂದಾಜು ಮಾಡಿದ್ರು, ದೇಶದಾಗೇ ಹೆಚ್ಚು, ಪೇಪರಿನಾಗ ಹೆಮ್ಮಿಲೇ ಬರದ್ರು. ಆ ಹೆಮ್ಮಿದು ಖರ್ಚು ನೀವು ಹೊರ್ತೀರಿ, ರಾತ್ರಿ ಮಾಳಿಗಿ ಮ್ಯಾಲೆ ಕುಂತು ಡಬ್ಬಿ ಬಡಿಯಾವ್ರು ನೀವು.

ನಾನು ಹೇಳಬಲ್ಲೆ ಅನ್ನೂದು ಸ್ವಲ್ಪ. ಬೆಳಿ ಹೋದ ಕೂಡ್ಲೇ ಹೊಲ ಹಸನ ಮಾಡಬ್ಯಾಡ್ರಿ, ಆನಿ ಹೆಜ್ಜಿ, ಲದ್ದಿ, ಮುರದ ಬೆಳಿ ಎಲ್ಲಾ ಮೊಬೈಲಿನಾಗ ಫೋಟೋ ತಗೀರಿ, ಅರಣ್ಯ ಇಲಾಖೆಗೆ ಅರ್ಜಿ ತಡಾ ಮಾಡದನ ಹಾಕ್ರಿ, ಪಹಣಿ ಬ್ಯಾಂಕ್ ಪಾಸ್‌ಬುಕ್ ಜೋಡಿ ಇಟ್ಕೋರಿ. ಬೇಲಿಗೆ ಸೀದಾ ಲೈನಿನ ಕರೆಂಟ್ ಬಿಡೂದು ಮಾತ್ರ ಬ್ಯಾಡ್ರಿ, ಆನಿಗಷ್ಟ ಅಲ್ಲ, ನಸುಕಿನಾಗ ಹೊಲಕ್ಕ ಹೋಗೋ ನಮ್ಮ ಹುಡುಗ್ರ ಜೀವ ಹೋಗತೈತಿ.

ಇನ್ನ ಓದುಗರಿಗೆ ನನ್ನ ಕೈ ಮುಗದು ಕೇಳಿಕಿ, ಖಾನಾಪುರಕ್ಕ ಆನಿ ಬಂದೈತಿ ಅಂತ ಸುದ್ದಿ ಬಂದ್ರ ಬೆಳಗಾವಿಂದ ಗಾಡಿ ತಕ್ಕೊಂಡು ನೋಡಾಕ ಹೋಗಬ್ಯಾಡ್ರಿ. ಗದ್ದಲಕ್ಕ ಆನಿ ಬೆದರಿ ದಾರಿ ತಪ್ಪಿ ಮತ್ತೊಬ್ಬರ ಹೊಲಕ್ಕ ನುಗ್ಗತೈತಿ. ಕಾಡಿನಾಗ ಕ್ಯಾಂಪ್ ಮಾಡಾವ್ರೂ ಆನಿ ದಾರಿಗೆ ಬೇಲಿ ಹಾಕಿದ್ರಂದ್ರ ಆನಿ ತಿರುಗೂದು ಕಾಕಾರ ಹೊಲಕ್ಕನ. ಎಷ್ಟು ಸೋಲಾರ್ ಹಾಕಿದ್ರೂ ನಾನು ಅದನ್ನ ಇಕೋ ಅನ್ನಂಗಿಲ್ಲ.

ನಾಂದಣಿ ಮಠದ ಮಹಾದೇವಿ ಆನಿ ಹೋದಾಗ ನಮ್ಮ ಮನ್ಯಾಗ ಹೆಣ್ಣುಮಕ್ಕಳು ಅತ್ರು. ಮಕ್ಕಳಂಗ ಸಾಕಿದ್ದು ಎಥಿಕಲ್ ಅಲ್ಲೇನು?
— ಚಿಕ್ಕೋಡಿ

ಅಕ್ಕಾರ, ಗೊತ್ತಿಲ್ಲದವ್ರಿಗೆ ಒಂದು ಮಾತು, 1992ರಿಂದ ಕೊಲ್ಹಾಪುರ ಜಿಲ್ಲಾದ ನಾಂದಣಿ ಜೈನ ಮಠದಾಗಿದ್ದ ಆನಿ ಅದು, ಮಾಧುರಿ ಅಂತನೂ ಕರೀತಾರ, 2025ರ ಜುಲೈ ಕೊನಿಗೆ ಕೋರ್ಟಿನ ಆದೇಶದ ಮ್ಯಾಲೆ ಅಂಬಾನಿಯವರ ವನತಾರಾ ಅನ್ನೋ ಪ್ರಾಣಿ ಕೇಂದ್ರಕ್ಕ, ಗುಜರಾತಿನ ಜಾಮ್‌ನಗರಕ್ಕ ಒಯ್ದ್ರು. ನಿಮ್ಮ ಕಣ್ಣೀರು ಖರೇದು, ಅದರ ಮ್ಯಾಲೆ ನಾನು ಒಂದು ಮಾತೂ ಆಡಂಗಿಲ್ಲ. ಆದ್ರ ಪ್ರೀತಿ ನಮ್ಮದು, ಬೇಕಾದ್ದು ಆನಿದು. ಹೆಣ್ಣಾನಿ ಹುಟ್ಟಿದ್ರ ಅಮ್ಮ ಅಜ್ಜಿ ಚಿಕ್ಕವ್ವ ಅಂತ ಹೆಣ್ಣುಮಕ್ಕಳ ಗುಂಪಿನಾಗ ಇರೂದು, ಗುಂಪಿಗೆ ಹಿರೇ ಹೆಣ್ಣ ಯಜಮಾನಿ. ಒಂಟಿಯಾಗಿ ಸಿಮೆಂಟ್ ನೆಲದ ಮ್ಯಾಲೆ ನಿಂತ ಆನಿಗೆ ಎಷ್ಟು ಬೆಲ್ಲ ತೆಂಗಿನಕಾಯಿ ಕೊಟ್ರೂ ಕಾಲು ಕೆಡತಾವ, ಮನಸ್ಸು ಕೆಡತೈತಿ. ಮಠದಾಗಿರ್ಲಿ, ಗುಡಿಯಾಗಿರ್ಲಿ, ದೊಡ್ಡ ಶ್ರೀಮಂತರ ಕೇಂದ್ರದಾಗಿರ್ಲಿ, ನನ್ನ ಪ್ರಶ್ನೆ ಅವೇ: ಮೆತ್ತಗಿನ ಮಣ್ಣು ಐತೇನು, ಜೋಡಿ ಆನಿ ಅದಾವೇನು, ದಿನಾ ನಡ್ಯಾಕ ಜಾಗಾ ಐತೇನು.

ಥಾಯ್ಲೆಂಡಿಗೆ ಹೋಗೋವಷ್ಟು ರೊಕ್ಕಾ ಇಲ್ರಿ. ಶಾಲಿ ಮಕ್ಕಳನ್ನ ಕರ್ಕೊಂಡು ಹೋಗಾಕ ಹತ್ರ ಏನೈತಿ?
— ಶಿಕ್ಷಕಿ, ಗೋಕಾಕ

ಶಿವಮೊಗ್ಗದ ಹತ್ರ ಸಕ್ರೆಬೈಲಿಗೆ ಹೋಗ್ರಿ ಮೇಡಂ, ಊರಿಂದ ತೀರ್ಥಹಳ್ಳಿ ರೋಡಿಗೆ 14 ಕಿಲೋಮೀಟರ್, ತುಂಗಾ ಹಿನ್ನೀರಿನ ದಂಡಿಗೆ ಅರಣ್ಯ ಇಲಾಖೆ ಬಿಡಾರ. ರಾತ್ರಿ ಆನಿಗೋಳನ್ನ ಕಾಡಿಗೆ ಬಿಟ್ಟು ಬೆಳಿಗ್ಗೆ ಮಾವುತ ಕಾವಾಡಿಗಳು ಹುಡುಕಿ ಕರ್ಕೊಂಡು ಬರ್ತಾರ, ಹಿಂಗಾಗಿ ಬೆಳಿಗ್ಗೆನ ಮುಟ್ಟಬೇಕು, ಮಧ್ಯಾಹ್ನ ಹೋದ್ರ ಏನೂ ಇರಂಗಿಲ್ಲ. ಸ್ನಾನ ಮಾಡ್ಸೂದು ಸವಾರಿ ಬಿಟ್ಟು ದಂಡಿ ಮ್ಯಾಲೆ ನಿಂತು ನೋಡ್ಸ್ರಿ, ಮಕ್ಕಳಿಗೆ ಕಾವಾಡಿಯವ್ರ ಜೋಡಿ ಮಾತಾಡಾಕ ಹಚ್ರಿ, ಅವರು ಹೇಳೋ ಕಥಿ ಯಾವ ಪುಸ್ತಕದಾಗೂ ಇಲ್ಲ.

ಬರೇ ಮಳೆಕಾಡು ತೋರ್ಸಬೇಕು ಅಂದ್ರ ಅಷ್ಟು ದೂರನೂ ಬ್ಯಾಡ, ಖಾನಾಪುರ ದಾಟಿದ್ರ ಹೆಮ್ಮಡಗಾ ಕಡೆ ಭೀಮಗಡ ಐತಿ. 2011ರಾಗ ಅಭಯಾರಣ್ಯ ಆತು, ಮಹಾದಾಯಿ ಹುಟ್ಟೂದು ಅಲ್ಲೇ, ಬಾರಾಪೇಡೆ ಗವಿಯಾಗ ಜಗತ್ತಿನಾಗ ಭಾಳ ಅಪರೂಪದ ಬಾವಲಿ ಅದಾವ, ಗವಿ ಒಳಗ ಮಾತ್ರ ಹೋಗಂಗಿಲ್ಲ ಹೋಗಬಾರದು. ಮಳಿ ನಿಂತ ಮ್ಯಾಲೆ, ಅರಣ್ಯ ಇಲಾಖೆ ಪರವಾನಗಿ ತಕ್ಕೊಂಡು ಹೋಗ್ರಿ.

ಆನಿ ಖುಷಿಲೇ ಐತೋ ದುಃಖದಾಗ ಐತೋ ಹೆಂಗ ಗೊತ್ತಾಗ್ತೈತಿ ರೀ?
— 7ನೇ ತರಗತಿ ವಿದ್ಯಾರ್ಥಿನಿ, ಜಮಖಂಡಿ

ತಂಗೀ, ಚಲೋ ಕೇಳಿದಿ. ನಿಂತಲ್ಲೇ ತೊಟ್ಟಿಲು ತೂಗಿದಂಗ ಆಕಡೆ ಈಕಡೆ ಮೈ ತೂಗ್ತಿದ್ರ, ತಲಿ ಒಂದ ಸಮನ ಅಲ್ಲಾಡಸ್ತಿದ್ರ ಮಂದಿ 'ಆನಿ ಡ್ಯಾನ್ಸ್ ಮಾಡ್ತೈತಿ' ಅಂತ ಚಪ್ಪಾಳಿ ಹೊಡೀತಾರ, ಅದು ಡ್ಯಾನ್ಸ್ ಅಲ್ಲವಾ, ಕಟ್ಟಿ ಹಾಕಿದ ಬ್ಯಾಸರ. ಆರಾಮಿದ್ದ ಆನಿ ಕಿವಿ ಬೀಸಿಕೋಂತ ಮೇಯ್ತಿರತೈತಿ, ಮೈಗೆ ಮಣ್ಣು ಹಚ್ಕೋತೈತಿ, ಬಗಲಾಗಿನ ಆನಿ ಬಾಯಾಗ ಸೊಂಡಿಲು ಇಟ್ಟು ಮಾತಾಡ್ಸತೈತಿ. ಗಂಟಲದಾಗಿಂದ ಗುಡುಗಿನಂಥಾ ಸಣ್ಣ ಸಪ್ಪಳ ಬರತೈತಿ, ಅದರಾಗ ಅರ್ಧ ನಮ್ಮ ಕಿವಿಗೆ ಕೇಳಂಗೇ ಇಲ್ಲ, ಅಷ್ಟು ಕೆಳಗಿನ ಸ್ವರ, ಕಿಲೋಮೀಟರ್‌ಗಟ್ಲೆ ದೂರ ಇದ್ದ ಆನಿಗೆ ಮುಟ್ಟತೈತಿ.

ನಾ ಹೇಳಿದ ಆ ಮುದಿ ಆನಿ ಕಡೀಗೆ ಬಂತು, ನಾವು ಬುಟ್ಟಿ ಇಟ್ಟು ಹಿಂದ ಸರದ ಮ್ಯಾಲೆ. ಹುಣಸಿ ಉಂಡಿ ಒಂದೊಂದ ತಕ್ಕೊಂಡು ತಿಂತು, ಎಲ್ಲಾ ತಿಂದ ಮ್ಯಾಲೆ ಖಾಲಿ ಬುಟ್ಟಿ ಸೊಂಡಿಲಿಲೇ ಎತ್ತಿ ಮಾವುತನ ಕೈಯಾಗ ಕೊಟ್ಟು ಬಿದಿರಿನ ಕಡೆ ಹೊಂಟು ಹೋತು.